ಹಳಿ ಬಿಡಲಾಗದ ರೈಲು, ಅವಸರ ಬಿಡದ ಚಾಲಕ
ಹ್ಯೂಸ್ಟನ್ ನಗರದ ಲಘು ರೈಲು ಕಲಿಸಿದ ಸುರಕ್ಷತೆಯ ಲೆಕ್ಕ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಹ್ಯೂಸ್ಟನ್ ನಗರವು ತೈಲೋದ್ಯಮದ ಕೇಂದ್ರವೆಂದು ಪ್ರಸಿದ್ಧವಾಗಿದೆ. ಸಮುದ್ರದಾಳದ ತೈಲ ಶೋಧನೆಗೆ ಸಂಬಂಧಿಸಿದ ಆಫ್‌ಶೋರ್ ಟೆಕ್ನಾಲಜಿ ಕಾನ್ಫರೆನ್ಸ್ ಎಂಬ ವಾಣಿಜ್ಯ ಮೇಳವು 1969ರಿಂದ ಆ ನಗರದಲ್ಲಿ, ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ, ನಡೆದುಕೊಂಡು ಬಂದಿದೆ. ವಾಲ್ವು, ಪಂಪು, ಎರಕ ಮತ್ತು ಫೋರ್ಜಿಂಗ್ ಬಿಡಿಭಾಗಗಳನ್ನು ತಯಾರಿಸುವ ಭಾರತೀಯ ಉದ್ದಿಮೆದಾರರಿಗೂ ಈ ಮೇಳ ಅಪರಿಚಿತವಲ್ಲ. ಮೇಳ ನಡೆಯುವ ಎನ್‌ಆರ್‌ಜಿ ಪಾರ್ಕ್ ಆವರಣಕ್ಕೂ ನಗರದ ಮಧ್ಯಭಾಗದ ಹೋಟೆಲುಗಳಿಗೂ ನಡುವೆ ಸಂಪರ್ಕ ಕಲ್ಪಿಸಿರುವುದು ರಸ್ತೆಯ ಮಟ್ಟದಲ್ಲಿಯೇ, ಕಾರುಗಳ ಪಕ್ಕದಲ್ಲಿಯೇ ಓಡುವ ಲಘು ರೈಲು.

ಕರ್ನಾಟಕದವರಿಗೆ ಇಂತಹ ರೈಲಿನ ಪರಿಚಯವಿಲ್ಲ. 2011ರ ಅಕ್ಟೋಬರ್‌ನಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೊ ಕಂಬಗಳ ಮೇಲೆ ಅಥವಾ ನೆಲದಡಿಯಲ್ಲಿ ಓಡುತ್ತದೆ. ರಸ್ತೆಯ ವಾಹನಕ್ಕೆ ಎದುರಾಗುವುದಿಲ್ಲ. ಸಾಮಾನ್ಯ ರೈಲು ಮಾರ್ಗವಾದರೆ ಗೇಟು, ಬೇಲಿ, ಕಾವಲುಗಾರ ಇರುತ್ತಾರೆ. ಲಘು ರೈಲಿಗೆ ಪೇಟೆ ಬೀದಿಯಲ್ಲಿ ಇವು ಯಾವುವೂ ಇರುವುದಿಲ್ಲ. ಇಂತಹ ರೈಲಿನೊಡನೆ ಬೀದಿಯನ್ನು ಹಂಚಿಕೊಳ್ಳುವುದು ಒಂದು ಪ್ರತ್ಯೇಕ ಶಿಸ್ತು. ಹ್ಯೂಸ್ಟನ್ ನಗರವು ಅದನ್ನು ಕಲಿಯಲು ತೆತ್ತ ಬೆಲೆ ವ್ಯಾಪಾರೋದ್ಯಮಿಗಳೆಲ್ಲರೂ ತಿಳಿದುಕೊಳ್ಳತಕ್ಕ ವಿಷಯವಾಗಿದೆ.

ಆರು ದಶಕಗಳ ಬಳಿಕ ಬಂದ ರೈಲು

ಹ್ಯೂಸ್ಟನ್ನಿನಲ್ಲಿ ಹಿಂದೆ ಟ್ರಾಮುಗಳಿದ್ದವು. 1940ರಲ್ಲಿ ಅವು ನಿಂತುಹೋದವು. ಆನಂತರ ಬೆಳೆದ ನಗರ ಸಂಪೂರ್ಣವಾಗಿ ಮೋಟಾರು ವಾಹನವನ್ನೇ ನೆಚ್ಚಿಕೊಂಡ ನಗರ. ಅಗಲವಾದ ರಸ್ತೆಗಳು, ವಿಸ್ತಾರವಾದ ಬಡಾವಣೆಗಳು, ಮನೆಗೊಂದಕ್ಕಿಂತ ಹೆಚ್ಚು ಕಾರುಗಳು. ಬೀದಿಯಲ್ಲಿ ರೈಲನ್ನು ಕಂಡ ಅಭ್ಯಾಸ ಎರಡು ಮೂರು ತಲೆಮಾರುಗಳಿಗೆ ಇರಲಿಲ್ಲ.

ಇಂತಹ ನಗರದಲ್ಲಿ 2004ರ ಜನವರಿ 1ರಂದು ಮೆಟ್ರೊರೈಲ್ ಸಂಚಾರ ಆರಂಭವಾಯಿತು. ಮೊದಲ ಮಾರ್ಗದ ಉದ್ದ 7.5 ಮೈಲಿ, ಅಂದರೆ ಸುಮಾರು 12 ಕಿ.ಮೀ.; ನಿಲ್ದಾಣಗಳು 16; ನಿರ್ಮಾಣ ವೆಚ್ಚ ಸುಮಾರು 32.4 ಕೋಟಿ ಡಾಲರ್. ಕೇಂದ್ರ ಸರಕಾರದ ನೆರವಿಲ್ಲದೆ ಸ್ಥಳೀಯ ಸಂಪನ್ಮೂಲದಿಂದಲೇ ಇದು ನಿರ್ಮಾಣವಾಯಿತು. ಅದೇ ವರ್ಷದ ಫೆಬ್ರವರಿ 1ರಂದು ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯ ಆ ನಗರದಲ್ಲಿ ನಡೆಯುವುದಿತ್ತು. ಅಷ್ಟರೊಳಗೆ ರೈಲು ಓಡಬೇಕೆಂಬುದು ನಗರದ ಹಂಬಲವಾಗಿತ್ತು.

ಆದರೆ ಅಪಘಾತಗಳ ಸರಣಿ ಉದ್ಘಾಟನೆಗೂ ಮೊದಲೇ ಆರಂಭವಾಗಿತ್ತು. 2003ರ ನವೆಂಬರ್‌ನಲ್ಲಿ, ಪರೀಕ್ಷಾರ್ಥ ಓಡಾಟದ ಸಮಯದಲ್ಲಿಯೇ, ಒಂದು ಕಾರು ರೈಲಿಗೆ ಡಿಕ್ಕಿಯಾಯಿತು. ಸಂಚಾರ ಆರಂಭವಾದ ಮೊದಲ ವರ್ಷದಲ್ಲಿ ಇಂತಹ ಡಿಕ್ಕಿಗಳ ಸಂಖ್ಯೆ ಅರವತ್ತನ್ನು ಮೀರಿತು. ಹನ್ನೆರಡು ಕಿಲೋಮೀಟರ್ ಉದ್ದದ ಮಾರ್ಗಕ್ಕೆ ವಾರಕ್ಕೊಂದಕ್ಕಿಂತ ಹೆಚ್ಚು ಡಿಕ್ಕಿ! ಊರಿನ ಜನ ರೈಲಿಗೆ ‘ವ್ಯಾಮ್ ಬ್ಯಾಮ್ ಟ್ರಾಮ್’ ಎಂದು ಅಡ್ಡ ಹೆಸರಿಟ್ಟರು. ರೈಲು ವಿರೋಧಿಗಳು ವಿನ್ಯಾಸವನ್ನು ದೂರಿದರು. ಸಾರಿಗೆ ಪ್ರಾಧಿಕಾರವು ನಿಯಮ ಮುರಿಯುವ ಚಾಲಕರನ್ನು ದೂರಿತು.

ಅಪಾಯ ಬಂದದ್ದು ಬೆನ್ನ ಹಿಂದಿನಿಂದ

ಈ ಡಿಕ್ಕಿಗಳಲ್ಲಿ ಎರಡು ಬಗೆಗಳು ಪ್ರಮುಖವಾಗಿದ್ದವು. ಒಂದು, ಅಡ್ಡರಸ್ತೆಯಿಂದ ಬಂದವರು ಕೆಂಪು ದೀಪವನ್ನು ಮೀರಿ ಹಳಿಯ ಮೇಲೆ ನುಗ್ಗಿದ್ದು. ಎರಡು, ರೈಲಿನ ಪಕ್ಕದಲ್ಲಿಯೇ ಅದೇ ದಿಕ್ಕಿನಲ್ಲಿ ಹೋಗುತ್ತಿದ್ದವರು ನಿಷೇಧವಿದ್ದ ಕಡೆ ಎಡಕ್ಕೆ ತಿರುಗಿದ್ದು. ಎರಡನೆಯದನ್ನು ಕೊಂಚ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಭಾರತೀಯ ಚಾಲಕ ಅಲ್ಲಿ ಬಾಡಿಗೆ ಕಾರು ಓಡಿಸುವಾಗ ಎಡವುವ ಜಾಗ ಇದೇ.

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಅಲ್ಲಿನ ಎಡತಿರುವು ನಮ್ಮ ಬಲತಿರುವಿಗೆ ಸಮಾನ. ಅಂದರೆ ರಸ್ತೆಯ ಮಧ್ಯಭಾಗವನ್ನು ದಾಟಿ ತಿರುಗಬೇಕು. ಹ್ಯೂಸ್ಟನ್ನಿನ ಮೇನ್ ಸ್ಟ್ರೀಟ್‌ನಲ್ಲಿ ಹಳಿಗಳಿರುವುದು ರಸ್ತೆಯ ಮಧ್ಯದಲ್ಲಿ. ಕಾರಿನ ಚಾಲಕ ಎಡಕ್ಕೆ ತಿರುಗುವಾಗ ಅಭ್ಯಾಸ ಬಲದಿಂದ ಎದುರಿನಿಂದ ಬರುವ ವಾಹನಗಳನ್ನು ನೋಡುತ್ತಾನೆ. ಎದುರುಗಡೆ ಖಾಲಿಯಿದ್ದರೆ ಸ್ಟಿಯರಿಂಗ್ ತಿರುಗಿಸುತ್ತಾನೆ. ರೈಲು ಮಾತ್ರ ಅವನ ಹಿಂದಿನಿಂದ, ಎಡಭುಜದ ಪಕ್ಕದಲ್ಲಿ, ಅದೇ ದಿಕ್ಕಿನಲ್ಲಿ ಬರುತ್ತಿರುತ್ತದೆ. ರೈಲಿಗೆ ಮುಂದೆ ಸಾಗಲು ಅನುಮತಿಯಿರುತ್ತದೆ. ಕಾರಿಗೂ ನೇರವಾಗಿ ಸಾಗಲು ಹಸಿರು ದೀಪವಿರುತ್ತದೆ. ನೇರ ಹೋಗಬೇಕಾದ ಕಾರು ತಿರುಗಿದ ಕ್ಷಣವೇ ರೈಲಿಗೆ ಅಡ್ಡಬೀಳುತ್ತದೆ. ಹಸಿರು ದೀಪ ಕಂಡಿತೆಂಬ ಧೈರ್ಯವೇ ಇಲ್ಲಿ ಮೋಸ ಮಾಡುತ್ತದೆ.

ವಿದ್ಯುತ್ ರೈಲಿನ ಸದ್ದು ಕಡಿಮೆ. ಹ್ಯೂಸ್ಟನ್ನಿನ ಸೆಕೆಗೆ ಕಾರಿನ ಗಾಜು ಏರಿಸಿ ಹವಾನಿಯಂತ್ರಕ ಹಾಕಿ, ಸಂಗೀತವನ್ನೂ ಹಾಕಿಕೊಂಡ ಚಾಲಕನಿಗೆ ಗಂಟೆಯ ಧ್ವನಿ ತಡವಾಗಿ ಕೇಳಿಸುತ್ತದೆ. ಟೆಕ್ಸಾಸ್ ಮೆಡಿಕಲ್ ಸೆಂಟರ್ ಪ್ರದೇಶದಲ್ಲಿ ಇನ್ನೊಂದು ತೊಡಕು ಇತ್ತು. ಜಾಗದ ಅಭಾವದಿಂದ ಅಲ್ಲಿ ಎಡಕ್ಕೆ ತಿರುಗುವ ಕಾರುಗಳೂ ರೈಲೂ ಒಂದೇ ಪಥವನ್ನು ಸರದಿಯಂತೆ ಬಳಸುವ ವ್ಯವಸ್ಥೆ ಮಾಡಲಾಗಿತ್ತು. ಆಸ್ಪತ್ರೆಗೆ ಬರುವವರಲ್ಲಿ ಅನೇಕರು ಹೊರ ಊರಿನವರು, ಮನಸ್ಸು ಎಲ್ಲಿಯೋ ಇರುವವರು. ಅಂತಹವರಿಗೆ ಹೊಸ ನಿಯಮವನ್ನು ಓದಿ ಅರ್ಥ ಮಾಡಿಕೊಳ್ಳಲು ಸಿಗುವುದು ಕೆಲವೇ ಸೆಕೆಂಡು.

ಕಂಡರೂ ನಿಲ್ಲಿಸಲಾಗದು

“ರೈಲಿನ ಚಾಲಕ ನೋಡಿ ನಿಲ್ಲಿಸಬಾರದೆ?” ಎಂದು ಕೇಳುವವರುಂಟು. ಇದಕ್ಕೆ ಉತ್ತರ ಅಂಕಿಗಳಲ್ಲಿದೆ. ಹ್ಯೂಸ್ಟನ್ನಿನಲ್ಲಿ ಮೊದಲು ಓಡಿದ ಸೀಮೆನ್ಸ್ ರೈಲಿನ ಒಂದು ಘಟಕದ ಉದ್ದ ಸುಮಾರು 29 ಮೀಟರ್. ಖಾಲಿಯಿದ್ದಾಗಲೇ ತೂಕ ಸುಮಾರು 45 ಟನ್. ಎರಡು ಘಟಕ ಜೋಡಿಸಿದರೆ 90 ಟನ್. ಒಂದು ಸಾಧಾರಣ ಕಾರಿನ ತೂಕ ಒಂದೂವರೆ ಟನ್. ಅಂದರೆ ಒಂದು ಕಾರಿಗೆ ಒಂದೇ ಘಟಕ ಮೂವತ್ತು ಪಟ್ಟು ಭಾರ.

ರೈಲು ಗಂಟೆಗೆ 56 ಕಿ.ಮೀ. ವೇಗದಲ್ಲಿ ಬರುತ್ತಿದೆಯೆಂದು ಇಟ್ಟುಕೊಳ್ಳೋಣ. ಪ್ರತಿ ಸೆಕೆಂಡಿಗೆ ಅದು ಹದಿನೈದೂವರೆ ಮೀಟರ್ ಕ್ರಮಿಸುತ್ತದೆ. ಸಾಮಾನ್ಯ ಬ್ರೇಕಿನಲ್ಲಿ ಇಂತಹ ರೈಲಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರ್ ದರದಲ್ಲಿ ಇಳಿಯುತ್ತದೆಂದು ಲೆಕ್ಕ ಹಾಕಿದರೆ, ನಿಲ್ಲಲು 90 ಮೀಟರಿಗೂ ಹೆಚ್ಚು ದೂರ ಬೇಕು. ಚಾಲಕ ಅಪಾಯವನ್ನು ಗ್ರಹಿಸಿ ಬ್ರೇಕ್ ಹಾಕಲು ಹಿಡಿಯುವ ಒಂದು ಸೆಕೆಂಡನ್ನು ಸೇರಿಸಿದರೆ ನೂರು ಮೀಟರ್ ದಾಟುತ್ತದೆ. ಹ್ಯೂಸ್ಟನ್ ನಗರ ಮಧ್ಯದ ಒಂದು ಬ್ಲಾಕಿನ ಉದ್ದ 250 ಅಡಿ, ಅಂದರೆ 76 ಮೀಟರ್ ಮಾತ್ರ. ತುರ್ತು ಬ್ರೇಕಿನಲ್ಲಿ ಈ ದೂರ ಸುಮಾರು ಅರವತ್ತು ಮೀಟರಿಗೆ ಇಳಿಯಬಹುದು. ಅದೇ ವೇಗದ ಕಾರು, ಒಣ ರಸ್ತೆಯಲ್ಲಿ, ಮೂವತ್ತು ಮೂವತ್ತೈದು ಮೀಟರಿನಲ್ಲಿ ನಿಲ್ಲುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಸರಳ. ರಬ್ಬರು ಟೈರು ಡಾಂಬರನ್ನು ಹಿಡಿದಷ್ಟು ಬಿಗಿಯಾಗಿ ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಹಿಡಿಯಲಾರದು. ಆದುದರಿಂದಲೇ ರೈಲಿನಲ್ಲಿ ಹಳಿಯ ಮೇಲೆ ಮರಳು ಸುರಿಯುವ ಸಾಧನವನ್ನೂ ಹಳಿಯನ್ನೇ ಕಚ್ಚಿ ಹಿಡಿಯುವ ವಿದ್ಯುತ್ಕಾಂತ ಬ್ರೇಕನ್ನೂ ಅಳವಡಿಸಿರುತ್ತಾರೆ. ಒಳಗೆ ಸೀಟ್ ಬೆಲ್ಟ್ ಇಲ್ಲದೆ ನಿಂತ ಪ್ರಯಾಣಿಕರಿರುತ್ತಾರೆ. ಒಮ್ಮೆಲೆ ತಡೆದರೆ ಅವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹೊರಗಿನ ಒಬ್ಬನ ಅವಸರಕ್ಕೆ ಒಳಗಿನ ಇನ್ನೂರು ಜನ ಪೆಟ್ಟು ತಿನ್ನುವ ಸಂದರ್ಭವಿದು.

ಎಲ್ಲಕ್ಕಿಂತ ಮುಖ್ಯವಾಗಿ, ರೈಲಿಗೆ ಸ್ಟಿಯರಿಂಗ್ ಇಲ್ಲ. ಎದುರಿನವನು ತಪ್ಪು ಮಾಡಿದಾಗ ಬಸ್ಸಾದರೂ ಪಕ್ಕಕ್ಕೆ ಸರಿದು ಅವನನ್ನು ಉಳಿಸೀತು. ರೈಲಿಗೆ ಆ ಅವಕಾಶವನ್ನು ಹಳಿ ಕೊಡುವುದಿಲ್ಲ. ಸರಿಯಬಲ್ಲವನೇ ಸರಿಯಬೇಕು, ಬೀದಿ ರೈಲಿನ ಸುರಕ್ಷತೆಯ ನಿಯಮಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಮೂರು ಬಗೆಯ ಪರಿಹಾರ

ರೈಲು ಹಳಿಗಳ ಬಳಿ ಅಪಘಾತ ತಪ್ಪಿಸಲೆಂದು 1972ರಲ್ಲಿ ಅಮೆರಿಕದ ಐಡಹೋ ರಾಜ್ಯದಲ್ಲಿ ಆರಂಭವಾದ ‘ಆಪರೇಷನ್ ಲೈಫ್‌ಸೇವರ್’ ಎಂಬ ಸ್ವಯಂಸೇವಾ ಚಳವಳಿಯು ಶಿಕ್ಷಣ, ಕಾನೂನು ಜಾರಿ, ಎಂಜಿನಿಯರಿಂಗ್ ಎಂಬ ಮೂರು ಆಧಾರಗಳನ್ನು ಹೇಳುತ್ತದೆ. ಹ್ಯೂಸ್ಟನ್ ನಗರವೂ ಈ ಮೂರನ್ನೂ ಅವಲಂಬಿಸಬೇಕಾಯಿತು.

ಜನರಿಗೆ ತಿಳಿವಳಿಕೆ ನೀಡುವ ಪ್ರಚಾರ ನಡೆಯಿತು. ನಿಷೇಧಿತ ತಿರುವು ತೆಗೆದುಕೊಂಡವರಿಗೆ ಪೊಲೀಸರು ದಂಡ ವಿಧಿಸಿದರು. ಟೆಕ್ಸಾಸ್ ಟ್ರಾನ್ಸ್‌ಪೋರ್ಟೇಷನ್ ಇನ್‌ಸ್ಟಿಟ್ಯೂಟ್ ಸಂಸ್ಥೆಯ ತಜ್ಞರು ಮಾರ್ಗದ ಸಂಚಾರ ವ್ಯವಸ್ಥೆಯನ್ನು ಪರಿಶೀಲಿಸಿದರು. ಫಲಕಗಳು, ರಸ್ತೆಯ ಮೇಲಿನ ಗುರುತುಗಳು ಮತ್ತು ಸಿಗ್ನಲ್‌ಗಳು ಸುಧಾರಿಸಿದವು. ಇವುಗಳಲ್ಲಿ ಗಮನಾರ್ಹವಾದುದು ನಗರ ಮಧ್ಯದ ಕೂಡುರಸ್ತೆಗಳಲ್ಲಿ ಜಾರಿಗೆ ತಂದ ‘ಸರ್ವ ಕೆಂಪು’ ಪದ್ಧತಿ. ರೈಲು ಕೂಡುರಸ್ತೆಯನ್ನು ದಾಟುವಾಗ ಅಡ್ಡರಸ್ತೆಗೆ ಮಾತ್ರವಲ್ಲದೆ ಪಕ್ಕದಲ್ಲಿ ಸಾಗುವ ವಾಹನಗಳಿಗೂ ಕೆಂಪು ದೀಪ ತೋರಿಸುವುದು ಈ ಪದ್ಧತಿ. ಹಸಿರು ದೀಪದ ಭ್ರಮೆಯಿಂದಾಗುವ ತಪ್ಪಿಗೆ ಅವಕಾಶವನ್ನೇ ಇದು ಇಲ್ಲವಾಗಿಸುತ್ತದೆ. ಪ್ರತಿಸಲವೂ ವಾಹನಗಳು ಕೆಲವು ಸೆಕೆಂಡು ಹೆಚ್ಚು ಕಾಯಬೇಕಾಯಿತು; ಆ ಕೆಲವು ಸೆಕೆಂಡೇ ಸುರಕ್ಷತೆಯ ಬೆಲೆ.

ಮಾರ್ಗ ಅನಂತರವೂ ಬೆಳೆಯಿತು. 2013ರ ಡಿಸೆಂಬರ್‌ನಲ್ಲಿ ಮೊದಲ ಮಾರ್ಗ ಉತ್ತರಕ್ಕೆ ವಿಸ್ತರಿಸಿತು. 2015ರ ಮೇ ತಿಂಗಳಿನಲ್ಲಿ ಹಸಿರು ಮತ್ತು ನೇರಳೆ ಮಾರ್ಗಗಳು ಆರಂಭವಾದವು. ಜಾಲದ ಒಟ್ಟು ಉದ್ದ ಸುಮಾರು 36 ಕಿ.ಮೀ. ತಲುಪಿತು. ಹೊಸ ಮಾರ್ಗ ಹೊಸ ಬಡಾವಣೆಗೆ ಬಂದಾಗಲೆಲ್ಲ ಅಲ್ಲಿನ ಜನರಿಗೆ ಇದೇ ಪಾಠವನ್ನು ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ.

ನಡೆದು ಹೋಗುವವರು ಗಮನಿಸಬೇಕಾದ ಅಂಶಗಳು

1. ಎರಡೂ ಕಡೆ ನೋಡಿ ದಾಟಬೇಕು. ಭಾರತೀಯರ ಕಣ್ಣು ಮೊದಲು ಬಲಕ್ಕೆ ತಿರುಗುತ್ತದೆ. ಅಮೆರಿಕದಲ್ಲಿ ಹತ್ತಿರದ ಪಥದ ವಾಹನ ಎಡದಿಂದ ಬರುತ್ತದೆ. ಜೋಡಿ ಹಳಿಗಳಿರುವಲ್ಲಿ ರೈಲು ಎರಡು ದಿಕ್ಕಿನಿಂದಲೂ ಬರುತ್ತದೆ.

2. ಒಂದು ರೈಲು ಹೋದೊಡನೆ ಅದರ ಹಿಂದೆಯೇ ಹೆಜ್ಜೆ ಇಡಬಾರದು. ಹೋಗುತ್ತಿರುವ ರೈಲು ಎದುರು ಹಳಿಯಲ್ಲಿ ಬರುತ್ತಿರುವ ಇನ್ನೊಂದನ್ನು ಮರೆಮಾಡಿರಬಹುದು.

3. ನಿಂತಿರುವ ರೈಲಿನ ಮುಂದೆ ಹಾಯುವುದು, ಎರಡು ಘಟಕಗಳ ಜೋಡಣೆಯ ನಡುವೆ ನುಸುಳುವುದು ಪ್ರಾಣಾಪಾಯಕರ. ನಮ್ಮ ಲೆವೆಲ್ ಕ್ರಾಸಿಂಗಿನಲ್ಲಿ ಗೇಟಿನಡಿ ಬಗ್ಗಿ ನುಸುಳುವ ಅಭ್ಯಾಸವನ್ನು ಊರಿನಲ್ಲಿಯೇ ಬಿಟ್ಟು ಹೊರಡುವುದು ಒಳ್ಳೆಯದು.

4. ತಿರುವುಗಳಲ್ಲಿ ರೈಲಿನ ಒಡಲು ಹಳಿಗಿಂತ ಹೊರಕ್ಕೆ ಚಾಚುತ್ತದೆ. ವೇದಿಕೆಯ ಅಂಚಿನ ಗೆರೆಯಿಂದ ಹಿಂದೆಯೇ ನಿಲ್ಲಬೇಕು.

5. ಬೀದಿಯ ಹಳಿಯ ಪಕ್ಕದಲ್ಲಿ ಚಕ್ರದ ಅಂಚಿಗೆಂದು ಬಿಟ್ಟ ಕಿರಿದಾದ ಕಾಲುವೆಯಿರುತ್ತದೆ. ಸೈಕಲ್ಲಿನ ಟೈರು, ಗಾಲಿಕುರ್ಚಿಯ ಮುಂಚಕ್ರ, ಮೇಳಕ್ಕೆ ಮಾದರಿಗಳನ್ನು ಒಯ್ಯುವ ಸೂಟ್‌ಕೇಸಿನ ಸಣ್ಣ ಗಾಲಿ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಓರೆಯಾಗಿ ದಾಟದೆ ಹಳಿಗೆ ನೇರ ಅಡ್ಡವಾಗಿ ದಾಟಬೇಕು. ಭಾರದ ಸೂಟ್‌ಕೇಸು ಸಿಕ್ಕಿಕೊಂಡು ರೈಲು ಕಾಣಿಸಿದರೆ ಅದನ್ನು ಬಿಟ್ಟು ಸರಿಯಬೇಕು. ಮಾದರಿಯನ್ನು ಮತ್ತೆ ತಯಾರಿಸಬಹುದು.

6. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಮೊಬೈಲ್ ಹಿಡಿದು ಹಳಿ ದಾಟಬಾರದು.

ವಾಹನ ಓಡಿಸುವವರು ಗಮನಿಸಬೇಕಾದ ಅಂಶಗಳು

1. ಎಡತಿರುವು ನಿಷೇಧವಿರುವಲ್ಲಿ ಯಾವ ಕಾರಣಕ್ಕೂ ತಿರುಗಬಾರದು. ದಾರಿ ತೋರಿಸುವ ಯಂತ್ರ ಹೇಳಿದರೂ ರಸ್ತೆಯ ಫಲಕವೇ ಅಂತಿಮ. ತಿರುವು ತಪ್ಪಿದರೆ ಮುಂದೆ ಹೋಗಿ ಸುತ್ತಿ ಬರಬೇಕು.

2. ಅನುಮತಿಯಿರುವ ತಿರುವಿನಲ್ಲಿಯೂ ಬಾಣದ ದೀಪಕ್ಕಾಗಿ ಕಾದು, ಕನ್ನಡಿ ಮತ್ತು ಭುಜದ ಹಿಂದೆ ನೋಡಿ ತಿರುಗಬೇಕು.

3. ಮುಂದೆ ತನ್ನ ವಾಹನ ನಿಲ್ಲುವಷ್ಟು ಜಾಗ ಇದೆಯೆಂದು ಖಚಿತವಾಗುವವರೆಗೆ ಹಳಿಯನ್ನು ಪ್ರವೇಶಿಸಬಾರದು. ಸಾಲಿನ ಬಾಲದಲ್ಲಿ ಹಳಿಯ ಮೇಲೆ ನಿಂತ ಲಾರಿಗೆ ಹಿಂದೆಯೂ ಹೋಗಲಾಗದು, ಮುಂದೆಯೂ ಹೋಗಲಾಗದು.

4. ಬಿಳಿಯ ಗೆರೆಯಂತೆ ಕಾಣುವ ದೀಪಗಳು ರೈಲಿನ ಚಾಲಕನಿಗೆ ಮೀಸಲು. ಅಡ್ಡಗೆರೆ ನಿಲ್ಲು ಎಂದೂ ನೆಟ್ಟಗೆರೆ ಹೋಗು ಎಂದೂ ಅದರ ಅರ್ಥ. ಮೋಟಾರು ಚಾಲಕ ತನ್ನ ಬಣ್ಣದ ದೀಪವನ್ನೇ ನೋಡಬೇಕು.

5. ವಾಹನ ಹಳಿಯ ಮೇಲೆ ಕೆಟ್ಟು ನಿಂತರೆ ಎಲ್ಲರೂ ಕೂಡಲೇ ಇಳಿದು ಹಳಿಯಿಂದ ದೂರ ಹೋಗಿ ತುರ್ತು ಸಂಖ್ಯೆಗೆ ತಿಳಿಸಬೇಕು. ಮೇಲಿನ ವಿದ್ಯುತ್ ತಂತಿ ಕಡಿದು ವಾಹನದ ಮೇಲೆ ಬಿದ್ದಿದ್ದರೆ ಮಾತ್ರ, ಬೆಂಕಿಯ ಅಪಾಯವಿಲ್ಲದಿರುವಾಗ, ಒಳಗೇ ಕುಳಿತಿರಬೇಕು. ಆ ತಂತಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ.

6. ಸರಕು ಇಳಿಸುವವರು ಏಣಿ, ಉದ್ದನೆಯ ಪೈಪು, ಕ್ರೇನಿನ ತೋಳು ಇವುಗಳನ್ನು ಎತ್ತುವ ಮುನ್ನ ಮೇಲೆ ನೋಡಬೇಕು. ಬಾಗಿಲು ತೆರೆದಾಗಲೂ ಲಾರಿಯ ಯಾವ ಭಾಗವೂ ರೈಲಿನ ಪಥಕ್ಕೆ ಚಾಚಿರಬಾರದು.

ಲಾಭ ನಷ್ಟದ ತಖ್ತೆ

ವ್ಯಾಪಾರಸ್ಥರಿಗೆ ಅರ್ಥವಾಗುವ ಭಾಷೆ ಲೆಕ್ಕದ ಭಾಷೆ. ನಿಷೇಧಿತ ತಿರುವಿನಿಂದ ಚಾಲಕನಿಗೆ ಆಗುವ ಲಾಭವೇನು? ಬ್ಲಾಕಿನ ಉದ್ದ 76 ಮೀಟರ್ ಇರುವ ನಗರದಲ್ಲಿ ಒಂದೆರಡು ಬ್ಲಾಕುಗಳನ್ನು ಸುತ್ತಿ ಬರಲು ದೀಪಗಳೂ ಸೇರಿ ಮೂರು ನಾಲ್ಕು ನಿಮಿಷ ಸಾಕು. ಜಮಾ ಕಡೆ ಬರೆಯಬಹುದಾದ ಒಟ್ಟು ಮೊತ್ತ ಇಷ್ಟೇ.

ಇನ್ನು ಖರ್ಚಿನ ಕಡೆ. ಟೆಕ್ಸಾಸ್ ರಾಜ್ಯದ ಕಾನೂನು ಪ್ರತಿ ವಾಹನಕ್ಕೂ ಕನಿಷ್ಠ ಹೊಣೆಗಾರಿಕೆ ವಿಮೆಯನ್ನು ಕಡ್ಡಾಯ ಮಾಡಿದೆ: ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000 ಡಾಲರ್, ಆಸ್ತಿ ಹಾನಿಗೆ 25,000 ಡಾಲರ್. ರೈಲಿನ ಒಂದು ಘಟಕದ ಬೆಲೆಯನ್ನು ದಶಲಕ್ಷ ಡಾಲರ್‌ಗಳಲ್ಲಿ ಹೇಳಬೇಕು. ತಪ್ಪು ಕಾರಿನವನದೆಂದು ತೀರ್ಮಾನವಾದರೆ ಕನಿಷ್ಠ ವಿಮೆಗೆ ಮೀರಿದ ಹೊಣೆ ಅವನ ಮೇಲೆಯೇ ಬರಬಹುದು. ರೈಲಿನೊಳಗೆ ಹತ್ತು ಮಂದಿ ಬಿದ್ದು ಪೆಟ್ಟು ಮಾಡಿಕೊಂಡರೆ, ಅಮೆರಿಕದ ಆಸ್ಪತ್ರೆ ವೆಚ್ಚದಲ್ಲಿ, 60,000 ಡಾಲರ್ ಎಷ್ಟು ಜನರಿಗೆ ಸಾಕಾದೀತು?

ಉದ್ದಿಮೆದಾರ ತನ್ನ ನೌಕರನನ್ನು ಕೆಲಸದ ಮೇಲೆ ಕಳಿಸಿದಾಗ ಆ ನೌಕರನ ಚಾಲನೆಯ ತಪ್ಪಿಗೆ ಸಂಸ್ಥೆಯೂ ಹೊಣೆಯಾಗುವುದು ಅಲ್ಲಿನ ನ್ಯಾಯಪದ್ಧತಿಯಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಆದುದರಿಂದ ಬಾಡಿಗೆ ಕಾರಿನ ಕಚೇರಿಯಲ್ಲಿ ಐಚ್ಛಿಕವಾಗಿ ನೀಡುವ ಹೆಚ್ಚುವರಿ ಹೊಣೆಗಾರಿಕೆ ವಿಮೆಯನ್ನು, ದಿನಕ್ಕೆ ಕೆಲವು ಡಾಲರ್ ಉಳಿಸುವ ಆಸೆಯಿಂದ, ಓದದೆ ತಿರಸ್ಕರಿಸಬಾರದು. ಪ್ರವಾಸ ವಿಮೆಯ ಷರತ್ತುಗಳಲ್ಲಿ ವಾಹನ ಚಾಲನೆಯ ಹೊಣೆ ಸೇರಿದೆಯೋ ಇಲ್ಲವೋ ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಇನ್ನೊಂದು ಅಂಶವೂ ಇದೆ. ಕಾನೂನು ಮುರಿದ ಅಪರಾಧಕ್ಕೆ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಆ ಕಾನೂನು ಹೊರದೇಶದ್ದಾದರೂ ಇದೇ ನಿಯಮವೆಂದು 2022ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿದೆ. ಸಂಸ್ಥೆಯ ಪುಸ್ತಕದಲ್ಲಿ ಪ್ರವಾಸ ವೆಚ್ಚದ ಅಡಿಯಲ್ಲಿ ಸೇರಿಸಿದರೂ ತೆರಿಗೆಯ ದೃಷ್ಟಿಯಲ್ಲಿ ಅದು ಲಾಭದಿಂದಲೇ ಹೋದ ಹಣ.

ಇವೆಲ್ಲವೂ ಹಣದಿಂದ ಅಳೆಯಬಹುದಾದ ಬಾಬುಗಳು. ಹೋದ ಕಾಲು, ಹೋದ ಜೀವ ಯಾವ ತಖ್ತೆಯಲ್ಲಿಯೂ ಕೂರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ; ಮೂರು ನಿಮಿಷಕ್ಕೆ ಹೋದ ಪ್ರಾಣದ ವಿಷಯದಲ್ಲಿ ಈ ಗಾದೆ ಇನ್ನೂ ಹೆಚ್ಚು ಸತ್ಯ.

ನಮ್ಮ ನಗರಗಳ ಮಟ್ಟಿಗೆ

ಬೀದಿ ರೈಲು ಭಾರತಕ್ಕೆ ಹೊಸದಲ್ಲ. ಕೋಲ್ಕತ್ತಾದಲ್ಲಿ ಕುದುರೆ ಎಳೆಯುವ ಟ್ರಾಮು 1873ರಲ್ಲಿಯೂ ವಿದ್ಯುತ್ ಟ್ರಾಮು 1902ರಲ್ಲಿಯೂ ಆರಂಭವಾದವು. ಬಂಗಾಳಿಯ ಹೆಸರಾಂತ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರ್‌ನಲ್ಲಿ ಆ ನಗರದಲ್ಲಿ ಟ್ರಾಮಿಗೆ ಸಿಲುಕಿ, ಕೆಲವು ದಿನಗಳ ಬಳಿಕ ತೀರಿಕೊಂಡರು. ನಿಧಾನವಾಗಿ ಹೋಗುವ ರೈಲೂ ದಯೆ ತೋರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆ ಟ್ರಾಮುಗಳಲ್ಲಿ ಪಾರಂಪರಿಕ ಮಾರ್ಗವೊಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸುವುದಾಗಿ ಪಶ್ಚಿಮ ಬಂಗಾಳ ಸರಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು.

ಹಳೆಯದು ಹೋಗುತ್ತಿದ್ದರೂ ಹೊಸದರ ಚಿಂತನೆ ನಿಂತಿಲ್ಲ. ಪೂರ್ಣ ಪ್ರಮಾಣದ ಮೆಟ್ರೊ ಕಟ್ಟುವಷ್ಟು ಪ್ರಯಾಣಿಕರಿಲ್ಲದ ನಗರಗಳಿಗಾಗಿ, ಕಡಿಮೆ ವೆಚ್ಚದ ‘ಮೆಟ್ರೊಲೈಟ್’ ಎಂಬ ವ್ಯವಸ್ಥೆಯ ಮಾನದಂಡಗಳನ್ನು ಕೇಂದ್ರ ಸರಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2019ರಲ್ಲಿ ಹೊರಡಿಸಿತು. ರಸ್ತೆಯ ಮಟ್ಟದಲ್ಲಿಯೇ ಓಡಿಸುವುದು ಅದರ ಮುಖ್ಯ ಕಲ್ಪನೆ. ನಮ್ಮ ಎರಡನೆಯ ಹಂತದ ನಗರವೊಂದರ ಪೇಟೆ ಬೀದಿಗೆ ಮುಂದೊಂದು ದಿನ ಇಂತಹ ರೈಲು ಬಂದಲ್ಲಿ, ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಮೂಟೆ ಇಳಿಸುವ, ಎದುರು ದಿಕ್ಕಿನಲ್ಲಿ ದ್ವಿಚಕ್ರ ವಾಹನ ನುಗ್ಗಿಸುವ, ದೀಪ ಹಸಿರಾಗುವ ಮುನ್ನವೇ ಹೊರಡುವ ನಮ್ಮ ರೂಢಿಗಳೆಲ್ಲ ಹಳಿಯ ಮೇಲೆ ಪರೀಕ್ಷೆಗೊಳಗಾಗುತ್ತವೆ. ಆಗ ವಾಣಿಜ್ಯ ಸಂಘಗಳು ಕೇಳಬೇಕಾದ ಪ್ರಶ್ನೆಗಳು ಮೂರು: ಸರಕು ಇಳಿಸಲು ಪ್ರತ್ಯೇಕ ಜಾಗ ಮತ್ತು ವೇಳೆ ಎಲ್ಲಿ, ಯಾವಾಗ? ಪ್ರತಿಯೊಂದು ಕೂಡುರಸ್ತೆಯ ತಿರುವಿಗೂ ಸ್ಪಷ್ಟ ದೀಪವಿದೆಯೇ? ರೈಲು ಓಡುವ ಮೊದಲೇ ಜನರಿಗೆ ತರಬೇತಿ ಸಿಕ್ಕಿದೆಯೇ? ಹ್ಯೂಸ್ಟನ್ ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ರೈಲು ಓಡಿದ ಮೇಲೆ, ಅರವತ್ತಕ್ಕೂ ಹೆಚ್ಚು ಡಿಕ್ಕಿಗಳಾದ ಮೇಲೆ ಉತ್ತರ ಹುಡುಕಿತು.

ಅಲ್ಲಿಯವರೆಗೆ, ವ್ಯವಹಾರಕ್ಕಾಗಿ ಹೊರದೇಶಕ್ಕೆ ಹೋಗುವ ಉದ್ದಿಮೆದಾರರು ಪಾಸ್‌ಪೋರ್ಟು, ವೀಸಾ, ವಿಮೆಯ ಪತ್ರಗಳನ್ನು ಪರಿಶೀಲಿಸುವ ಹೊತ್ತಿನಲ್ಲಿಯೇ ತಾವು ಹೋಗುವ ನಗರದಲ್ಲಿ ಬೀದಿ ರೈಲಿದೆಯೇ ಎಂಬುದನ್ನೂ ತಿಳಿದುಕೊಳ್ಳುವುದು ಕ್ಷೇಮ. ಜೊತೆಗೆ ಕಳಿಸುವ ನೌಕರರಿಗೂ ಮೇಲಿನ ಅಂಶಗಳನ್ನು ಓದಿ ಹೇಳಬೇಕು.